ಟಿಕೆಟ್ ಕೇಳೋರಿಲ್ಲದ ಸ್ಟೇಷನ್

ಜಪಾನಿನ ಯೊಕೊಹಾಮಾದಲ್ಲಿ ಉಮಿ-ಶಿಬೌರಾ ಅಂತ ಒಂದು ಪುಟ್ಟ ಸ್ಟೇಷನ್ ಇದೆ. ತ್ಸುರುಮಿ ಲೈನಿನ ಒಂದು ಕವಲು ಇಲ್ಲಿಗೆ ಮುಗಿಯುತ್ತದೆ. 1940ರಲ್ಲಿ ಶುರುವಾದದ್ದು. ಪ್ಲಾಟ್‌ಫಾರ್ಮಿನ ಕಂಬಿ ಹಿಡಿದು ಬಗ್ಗಿದರೆ ಕೆಳಗೆ ಕಾಲುವೆ ನೀರು! ಹೊರಗೆ ಹೋಗೋ ದಾರಿ ನೇರ ತೋಶಿಬಾ ಕಾರ್ಖಾನೆಯೊಳಕ್ಕೆ. ಅಲ್ಲಿ ಕೆಲಸ ಇಲ್ಲದವರನ್ನು ಬಿಡಲ್ಲ. ಅಂಥವರು ಕೂರಲಿ ಅಂತ ಪಕ್ಕದಲ್ಲೇ ಸಣ್ಣ ಪಾರ್ಕ್ ಮಾಡಿದ್ದಾರೆ.

ಇಲ್ಲಿ ಸಿಬ್ಬಂದಿಯಿಲ್ಲ, ಅಡ್ಡಗಟ್ಟುವ ಗೇಟೂ ಇಲ್ಲ. ಇಂಥದ್ದನ್ನು ಜಪಾನೀಯರು ‘ಮುಜಿನ್ ಎಕಿ’ ಅಂತಾರೆ, ಅಂದರೆ ಜನರಿಲ್ಲದ ಸ್ಟೇಷನ್. ಹಾಗಾದರೆ ದುಡ್ಡು ವಸೂಲಾಗೋದು ಹೇಗೆ? ಎಂಜಿನಿಯರಿಂಗ್ ಓದೋ ನಮಗೆ ಕುತೂಹಲ ಇಲ್ಲೇ. ಅಲ್ಲಿರೋದು ಬರೀ ಕಾರ್ಡ್ ರೀಡರ್. ಹತ್ತುವಾಗ ಸುಯಿಕಾ ಕಾರ್ಡ್ ತಾಗಿಸಿದರೆ, ಎಲ್ಲಿ ಹತ್ತಿದಿರಿ ಅನ್ನೋದು ಕಾರ್ಡಿನ ಚಿಪ್ಪಿನಲ್ಲೇ ದಾಖಲಾಗುತ್ತದೆ. ಉಳಿದ ಹಣದ ಲೆಕ್ಕವೂ ಅದೇ ಚಿಪ್ಪಿನಲ್ಲಿ. ಇಳಿದಲ್ಲಿ ಮತ್ತೆ ತಾಗಿಸಿದರೆ ದರ ಕಡಿತವಾಗುತ್ತೆ. ತಾಗಿಸದೆ ಹತ್ತಿದರೆ ಇಲ್ಲಿ ಕೇಳೋರಿಲ್ಲ, ನಿಜ. ಆದರೆ ಗೇಟಿರುವ ದೊಡ್ಡ ಸ್ಟೇಷನಿನಲ್ಲಿ ಇಳಿದಾಗ, ಹತ್ತಿದ ದಾಖಲೆಯಿಲ್ಲದ ಕಾರ್ಡಿಗೆ ಗೇಟ್ ತೆರೆಯಲ್ಲ.

ಟಿಕೆಟ್ ಸಮಸ್ಯೆ ಹೀಗೆ ಬಗೆಹರಿಯಿತು ಅನ್ನಿ. ಆದರೆ ಸಿಬ್ಬಂದಿಯ ಕೆಲಸ ಟಿಕೆಟ್ ನೋಡೋದಷ್ಟೇ ಆಗಿತ್ತಾ? ವೀಲ್‌ಚೇರಿನಲ್ಲಿ ಬಂದವರಿಗೆ ರೈಲಿಗೂ ಪ್ಲಾಟ್‌ಫಾರ್ಮಿಗೂ ನಡುವೆ ಹಲಗೆ ಇಡೋಕೆ ಒಬ್ಬ ಮನುಷ್ಯ ಬೇಕು. ಜಪಾನಿನ ಸ್ಟೇಷನುಗಳಲ್ಲಿ ಸುಮಾರು ಅರ್ಧ ಈಗ ಸಿಬ್ಬಂದಿಯಿಲ್ಲದವು. 2020ರಲ್ಲಿ ಓಯಿತಾದ ವೀಲ್‌ಚೇರ್ ಬಳಕೆದಾರರು ಇದೇ ವಿಷಯಕ್ಕೆ ಜೆಆರ್ ಕ್ಯೂಶೂ ಮೇಲೆ ಕೇಸು ಹಾಕಿದರು. ಸಿಬ್ಬಂದಿ ಹೋದ ಮೇಲೆ ಮೊದಲೇ ಫೋನ್ ಮಾಡಿ ತಿಳಿಸಬೇಕು, ಬೇಕೆಂದಾಗ ಹೊರಡೋ ಹಾಗಿಲ್ಲ ಅನ್ನೋದು ಅವರ ದೂರು.