ಗಾಂಜಾ ಎಣ್ಣೆಗೆ ಕೀಟನಾಶಕ ಸೇರಿದರೆ: ಯಂತ್ರವನ್ನೂ ನೋಡಿ, ದ್ರಾವಕವನ್ನೂ ನೋಡಿ

ಕ್ಯಾಲಿಫೋರ್ನಿಯಾದಲ್ಲಿ ಗಾಂಜಾ ಮಾರಾಟಕ್ಕೆ ಪರವಾನಗಿ ಸಿಗುತ್ತದೆ. ಆದರೆ ಅಂಗಡಿಗೆ ಹೋಗುವ ಮೊದಲು ಪ್ರತಿ ಬ್ಯಾಚನ್ನೂ 66 ಕೀಟನಾಶಕಗಳಿಗಾಗಿ ಪರೀಕ್ಷಿಸಲೇಬೇಕು. ಇವುಗಳಲ್ಲಿ 21ರ ಪೈಕಿ ಯಾವುದರ ಸುಳಿವು ಸಿಕ್ಕರೂ ಸಾಕು, ಸರಕು ತಿರಸ್ಕೃತ. ಉಳಿದ 45ಕ್ಕೆ ಮಿತಿಗಳಿವೆ. ನಮ್ಮ ವಿಜಯಪುರದ ದ್ರಾಕ್ಷಿ ಬೆಳೆಗಾರರು ಬೂದಿ ರೋಗದ ಔಷಧಿಯೆಂದು ಬಲ್ಲ ಮೈಕ್ಲೋಬುಟಾನಿಲ್ ಕೂಡ ಈ ಪಟ್ಟಿಯಲ್ಲಿದೆ. ದ್ರಾಕ್ಷಿಯನ್ನು ತಿನ್ನುತ್ತಾರೆ, ಗಾಂಜಾವನ್ನು ಸೇದುತ್ತಾರೆ. ಬೆಂಕಿ ತಗುಲಿ ಒಡೆದಾಗ ಇದೇ ಔಷಧಿಯಿಂದ ಹೈಡ್ರೋಜನ್ ಸೈನೈಡ್ ಹೊರಡುತ್ತದೆ. 2015ರಲ್ಲಿ ಕೊಲರಾಡೊದ ಡೆನ್ವರ್ ನಗರಾಡಳಿತ ಹತ್ತಾರು ಸಾವಿರ ಗಿಡಗಳನ್ನು ತಡೆಹಿಡಿದದ್ದು ಇಂಥ ಸಿಂಪಡಣೆಯ ಅನುಮಾನದಿಂದಲೇ.

ಎಣ್ಣೆ ತೆಗೆದಾಗ ವಿಷ ಸಾಂದ್ರವಾಗುತ್ತದೆ. ಒಂದು ಗ್ರಾಂ ಹೂವಿನಲ್ಲಿ 0.05 ಮೈಕ್ರೋಗ್ರಾಂ ಮೈಕ್ಲೋಬುಟಾನಿಲ್ ಇದೆಯೆನ್ನಿ. ಸೇದುವ ಸರಕಿಗೆ ಮಿತಿ 0.1, ಹಾಗಾಗಿ ಹೂವು ಪಾಸು. ಅಂಥ 100 ಕಿಲೋ ಹೂವಿನಿಂದ 10 ಕಿಲೋ ಎಣ್ಣೆ ಬಂದು, ಔಷಧಿಯೂ ಪೂರ್ತಿ ಅದರೊಳಗೇ ಇಳಿದರೆ ಪ್ರಮಾಣ 0.5. ಮಿತಿಯ ಐದು ಪಟ್ಟು! ಅಷ್ಟಕ್ಕೇ ಮುಗಿಯುವುದಿಲ್ಲ. ಪೈಪು, ವಾಲ್ವು, ಎಣ್ಣೆ ತೆಗೆಯಲು ದ್ರಾವಕವಾಗಿ ಮರುಬಳಸುವ ಎಥನಾಲಿನಲ್ಲಿ ಉಳಿದ ಅಂಶ ಮುಂದಿನ ಶುದ್ಧ ಬ್ಯಾಚನ್ನೂ ಕೆಡಿಸಬಲ್ಲದು.

ವರದಿಯಲ್ಲಿ ಕೀಟನಾಶಕ ಕಂಡ ದಿನವೇ ಕೆಲಸ ನಿಲ್ಲಿಸಿ. ಆ ಎಣ್ಣೆ, ಉಳಿದ ಹೂವು, ವಾಪಸ್ ಪಡೆದ ದ್ರಾವಕ ಮೂರಕ್ಕೂ ಬ್ಯಾಚ್ ಸಂಖ್ಯೆ ಬರೆದು ಬೇರೆ ಕೋಣೆಯಲ್ಲಿಡಿ. ಒಳ್ಳೆಯ ಎಣ್ಣೆಗೆ ಬೆರೆಸಿ ಪ್ರಮಾಣ ಇಳಿಸುವ ಯೋಚನೆ ಬೇಡವೇ ಬೇಡ. ಅದು ಗ್ರಾಹಕನಿಗೆ ಮಾಡುವ ಮೋಸ.

ಮುಂದೆ, ವಿಷ ಎಲ್ಲಿಂದ ಬಂತೆಂದು ಪತ್ತೆ ಮಾಡಬೇಕು. ಹೂವಿನದೊಂದು, ಟ್ಯಾಂಕಿನ ದ್ರಾವಕದ್ದೊಂದು, ಯಂತ್ರ ತೊಳೆದ ದ್ರವದ್ದೊಂದು ಮಾದರಿ ಕಳುಹಿಸಿ. ಜೊತೆಗೆ ಈಗಷ್ಟೇ ಸೀಲು ಒಡೆದ ಹೊಸ ಎಥನಾಲನ್ನೂ ಕಳುಹಿಸಿ, ಹೋಲಿಸಿ ನೋಡಲು ಅದು ಬೇಕು. ದ್ರಾವಕದಲ್ಲಿ ಅಂಶ ಅತ್ಯಲ್ಪವಿದ್ದರೆ ನೇರ ಪರೀಕ್ಷೆಯಲ್ಲಿ ಸಿಗದೇ ಹೋಗಬಹುದು. ಆದ್ದರಿಂದ ಒಂದು ಲೀಟರನ್ನು 10 ಮಿಲಿಲೀಟರಿಗೆ ಇಳಿಸಿ, ನೂರು ಪಟ್ಟು ಸಾಂದ್ರಗೊಳಿಸಿ ನೋಡುವಂತೆ ಪ್ರಯೋಗಾಲಯವನ್ನೇ ಕೇಳಿ.

ಇನ್ನು ಯಂತ್ರ. ಬಿಚ್ಚಬಹುದಾದದ್ದನ್ನೆಲ್ಲ ಬಿಚ್ಚಿ. ಉಕ್ಕಿನ ಒಳಮೈ ಸುಲಭವಾಗಿ ಶುದ್ಧವಾಗುತ್ತದೆ. ಕಾಡುವುದು ಸಿಲಿಕೋನ್, ರಬ್ಬರ್ ಗ್ಯಾಸ್ಕೆಟ್‌ಗಳು. ಅವು ಎಣ್ಣೆಯ ಜೊತೆ ಕೀಟನಾಶಕವನ್ನೂ ಹೀರಿಕೊಂಡು, ಮತ್ತೆ ದ್ರಾವಕ ಹರಿದಾಗ ಮೆಲ್ಲಗೆ ಬಿಟ್ಟುಕೊಡುತ್ತವೆ. ತೊಳೆಯುತ್ತಾ ಕೂರದೆ ಹೊಸದು ಹಾಕಿ. ಮೆದು ಹೋಸು, ಫಿಲ್ಟರ್‌ಗೂ ಇದೇ ಮಾತು. ಲೋಹದ ಭಾಗಗಳನ್ನು ಕ್ಷಾರೀಯ ಡಿಟರ್ಜೆಂಟ್ ಬೆರೆಸಿದ ಬಿಸಿನೀರಿನಲ್ಲಿ ಉಜ್ಜಿ, ಚೆನ್ನಾಗಿ ಜಾಲಿಸಿ, ಒಣಗಿಸಿ, ಕೊನೆಗೆ ಹೊಸ ಎಥನಾಲ್ ಹಾಯಿಸಿ. ಆ ಕೊನೆಯ ಎಥನಾಲ್ ಪರೀಕ್ಷೆಗೆ ಹೋಗಬೇಕು. ಬ್ಲೀಚ್ ಬಳಸಬೇಡಿ: ಸ್ಟೇನ್‌ಲೆಸ್ ಸ್ಟೀಲನ್ನು ತಿನ್ನುತ್ತದೆ, ಆಲ್ಕೋಹಾಲ್ ಜೊತೆ ಸೇರಿದರೆ ವಿಷಕಾರಿ ಸಂಯುಕ್ತಗಳಾಗುತ್ತವೆ.

ಈಗ ದ್ರಾವಕ. ಎಥನಾಲ್ 78 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಬಹುತೇಕ ಕೀಟನಾಶಕಗಳ ಕುದಿಬಿಂದು ಅದಕ್ಕಿಂತ ಬಹಳ ಮೇಲೆ. ಹಾಗಾಗಿ ಭಟ್ಟಿ ಇಳಿಸಿದರೆ ವಿಷ ತಳದಲ್ಲೇ ಉಳಿಯಬೇಕು. ಆದರೆ ಆತುರದಿಂದ ಕಾಯಿಸಿದರೆ ನೊರೆಯೆದ್ದು, ಹನಿಗಳು ಸಿಡಿದು ಆವಿಯ ಜೊತೆ ದಾಟಿಬಿಡುತ್ತವೆ. ಫ್ಲಾಸ್ಕನ್ನು ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ತಳದ ದ್ರವವನ್ನು ಪೂರ್ತಿ ಹಿಂಡಬೇಡಿ. ಇಳಿಸಿದ ಮೇಲೂ ವರದಿ ಶುದ್ಧ ಬರದಿದ್ದರೆ ಆ ಎಥನಾಲನ್ನು ಅಪಾಯಕಾರಿ ತ್ಯಾಜ್ಯ ಒಯ್ಯುವ ಪರವಾನಗಿದಾರರಿಗೆ ಕೊಡಿ, ಸಿಂಕಿಗೆ ಸುರಿಯಬೇಡಿ.

ಎಲ್ಲ ಮುಗಿದ ಮೇಲೆ ಹೂವಿಲ್ಲದೆ, ಬರೀ ದ್ರಾವಕವನ್ನು ಯಂತ್ರದಲ್ಲಿ ಒಂದು ಸುತ್ತು ಓಡಿಸಿ ಪರೀಕ್ಷಿಸಿ. ವರದಿ ಕೈಸೇರುವವರೆಗೆ ಹೊಸ ಬ್ಯಾಚ್ ಬೇಡ.

ಭಾರತದಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಗಾಂಜಾ, ಚರಸ್ ನಿಷಿದ್ಧ; ಇದು ಇಲ್ಲಿ ಯಾರೂ ಮಾಡಿನೋಡುವ ಕೆಲಸವಲ್ಲ. ಆದರೆ ಬ್ಯಾಡಗಿ ಮೆಣಸಿನಕಾಯಿಯಿಂದ ಓಲಿಯೋರೆಸಿನ್ ಎಂಬ ಎಣ್ಣೆಯಂಥ ಸಾರ ತೆಗೆಯುವಾಗಲೂ ದ್ರಾವಕ ಮತ್ತೆ ಮತ್ತೆ ಸುತ್ತುತ್ತದೆ, ಮೆಣಸಿನ ಮೇಲೂ ಔಷಧಿ ಬೀಳುತ್ತದೆ. ಆ ಘಟಕಗಳನ್ನು ನಡೆಸುವವರು ಮುಂದಿನ ಲಾಟು ಸುರಿಯುವ ಮುನ್ನ ಟ್ಯಾಂಕಿನ ದ್ರಾವಕದ್ದೂ ಒಂದು ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಲಿ.