ಉಡಲು ಹತ್ತಿ, ಉಣ್ಣಲು ಸಾರು

ಊರು ಬಿಟ್ಟು ಬಂದು ಹೊಸದಾಗಿ ಕೆಲಸಕ್ಕೆ ಸೇರಿದವರ ಸಂಬಳ, ಬಾಡಿಗೆ ಕಟ್ಟಿದ ಮೇಲೆ, ಹೆಚ್ಚಾಗಿ ಎರಡು ಕಡೆ ಸೋರುತ್ತದೆ: ರಾತ್ರಿ ಮೊಬೈಲಿನಲ್ಲಿ ಕಣ್ಣಿಗೆ ಬಿದ್ದ ಬಟ್ಟೆ, ಅದೇ ಮೊಬೈಲಿನಲ್ಲಿ ತರಿಸಿಕೊಂಡ ಊಟ. ಇದಕ್ಕೆ ಆಸೆಗಿಂತ ಆಯಾಸವೇ ದೊಡ್ಡ ಕಾರಣ. ಬೆಳಗ್ಗೆ ಉಡಲು ಏನೂ ಸಿದ್ಧವಿರುವುದಿಲ್ಲ, ಸಂಜೆ ಬಂದರೆ ಉಣ್ಣಲೂ ಸಿದ್ಧವಿರುವುದಿಲ್ಲ. ಕೆಲವನ್ನು ಮೊದಲೇ ಅಣಿ ಮಾಡಿಟ್ಟುಕೊಂಡರೆ ಸಣ್ಣ ಸಂಬಳದಲ್ಲೂ ಲಕ್ಷಣವಾಗಿ ಉಟ್ಟು, ತೃಪ್ತಿಯಾಗಿ ಉಣ್ಣಬಹುದು. ನಮ್ಮ ನಾಡಿನ ಮಗ್ಗ, ನಮ್ಮ ಅಡುಗೆಮನೆ ಎರಡೂ ಅದಕ್ಕೆ ಹೇಳಿ ಮಾಡಿಸಿದಂತಿವೆ.

1. ಬೆಲೆ ಚೀಟಿಯನ್ನು ನೋಡಿ, ಆಮೇಲೆ ಭಾಗಿಸಿ

400 ರೂಪಾಯಿಯ ಕುರ್ತಾ ನಾಲ್ಕು ಸಲ ಉಟ್ಟು ಒಗೆಯುವಷ್ಟರಲ್ಲಿ ಜೋತುಬಿದ್ದರೆ, ಒಂದು ಸಲಕ್ಕೆ 100 ರೂಪಾಯಿ ಬಿತ್ತು. 1,200 ರೂಪಾಯಿಯ ಗಟ್ಟಿ ಹತ್ತಿಯ ಕುರ್ತಾವನ್ನು ವಾರಕ್ಕೊಮ್ಮೆಯಂತೆ ವರ್ಷದಲ್ಲಿ 50 ಸಲ ಹಾಕಿಕೊಂಡರೆ ಸಲಕ್ಕೆ 24. ಅಗ್ಗ ಯಾವುದು ಎನ್ನುವುದು ಅಂಗಡಿಯಲ್ಲಿ ತಿಳಿಯುವುದಿಲ್ಲ, ಒಗೆಯುವ ಕಲ್ಲಿನ ಮೇಲೆ ತಿಳಿಯುತ್ತದೆ.

2. ಮೊದಲು ಕೆಳಗಿನದು, ಆಮೇಲೆ ಮೇಲಿನದು

ಎಲ್ಲಕ್ಕೂ ಒಪ್ಪುವ ಎರಡು ಪ್ಯಾಂಟು ಅಥವಾ ಸಲ್ವಾರ್ ಇಟ್ಟುಕೊಳ್ಳಿ, ಒಂದು ಗಾಢ ಬಣ್ಣದ್ದು, ಒಂದು ತಿಳಿ ಬಣ್ಣದ್ದು. ನಾಲ್ಕು ಕುರ್ತಾ ಸೇರಿದರೆ ಎಂಟು ಜೋಡಿ, ಮೂರು ದುಪಟ್ಟಾ ಸೇರಿದರೆ ಇಪ್ಪತ್ತನಾಲ್ಕು. ಅನ್ನ ಅದೇ ಆದರೂ ಒಗ್ಗರಣೆ ಬದಲಾದರೆ ತಿಂಡಿಯೇ ಬೇರೆಯಾಗುತ್ತದಲ್ಲ, ದುಪಟ್ಟಾ ಮಾಡುವ ಕೆಲಸವೂ ಅದೇ. ಗಂಡಸರಿಗೆ ಎರಡು ಪ್ಯಾಂಟು, ಐದು ಶರ್ಟು ಸಾಕು. ಹೊಸದೇನನ್ನಾದರೂ ಕೊಳ್ಳುವ ಮುಂಚೆ, ಮನೆಯಲ್ಲಿರುವ ಯಾವ ಮೂರು ಬಟ್ಟೆಗಳ ಜೊತೆ ಇದು ಹೊಂದುತ್ತದೆ ಎಂದು ಎಣಿಸಿ. ಮೂರು ಹೆಸರು ಬಾರದಿದ್ದರೆ ಅಲ್ಲೇ ಬಿಟ್ಟುಬನ್ನಿ.

3. ಕಟ್‌ಪೀಸ್ ಅಂಗಡಿಗೆ ಹೋಗಿ

ಬೆಂಗಳೂರಿನ ಚಿಕ್ಕಪೇಟೆ, ಹುಬ್ಬಳ್ಳಿಯ ಜವಳಿ ಸಾಲ್‌ನಂಥ ಕಡೆ ಥಾನು ಮುಗಿದು ಉಳಿದ ಒಳ್ಳೆಯ ಬಟ್ಟೆ ಕಡಿಮೆ ಬೆಲೆಗೆ ಸಿಗುತ್ತದೆ. 44 ಅಂಗುಲ ಪನ್ನದ ಬಟ್ಟೆಯಾದರೆ ತೋಳಿರುವ ಕುರ್ತಾಕ್ಕೆ ಎರಡೂವರೆ ಮೀಟರ್ ಸಾಮಾನ್ಯವಾಗಿ ಸಾಕು. ಹತ್ತಿ ಹೌದೋ ಅಲ್ಲವೋ ಎಂಬ ಅನುಮಾನ ಬಂದರೆ ಅಂಚಿನಿಂದ ಒಂದು ಎಳೆ ಕಿತ್ತು ಮನೆಯಲ್ಲಿ ಸುಟ್ಟು ನೋಡಿ. ಹತ್ತಿ ಕಾಗದದ ಹಾಗೆ ಉರಿದು ಪುಡಿ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹೊಲಿಯಲು ಕೊಡುವ ಮುಂಚೆ ಹತ್ತಿ ಬಟ್ಟೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿ. ಕುಗ್ಗುವುದೇನಿದ್ದರೂ ಟೈಲರ್ ಕತ್ತರಿ ಹಾಕುವ ಮೊದಲೇ ಕುಗ್ಗಿ ಮುಗಿಯಲಿ.

4. ಟೈಲರ್ ಹತ್ತಿರ ಮೂರು ಮಾತು

ಟೇಪಿಗಿಂತ ಅಳತೆ ಬಟ್ಟೆ ಕೊಡಿ. ಹೊಲಿಗೆಯ ಒಳಗೆ ಎರಡೂ ಬದಿ ಒಂದೊಂದು ಅಂಗುಲ ಬಟ್ಟೆ ಬಿಡಲು ಹೇಳಿ, ಮೈ ತುಂಬಿದರೆ ಬಿಚ್ಚಿಸಿಕೊಳ್ಳಬಹುದು. ಮತ್ತೆ, ಜೇಬು! ಹೆಣ್ಣುಮಕ್ಕಳ ಬಟ್ಟೆಗೆ ಕೇಳಿದರಷ್ಟೇ ಜೇಬು ಬರುತ್ತದೆ. ಕೇಳಿ.

5. ಒಂದಾದರೂ ಕೈಮಗ್ಗದ್ದು ಇರಲಿ

ಕೈಮಗ್ಗ ಎಂದರೆ ದುಬಾರಿ, ಹಬ್ಬಕ್ಕೆ ಮಾತ್ರ ಎಂದು ಅನೇಕರು ಎಣಿಸಿದ್ದಾರೆ. ನನ್ನ ಮಟ್ಟಿಗೆ ದಿನಬಳಕೆಗೆ ಅದಕ್ಕಿಂತ ತಕ್ಕ ಬಟ್ಟೆ ಇಲ್ಲ. ನಮ್ಮ ಬಿಸಿಲಿಗೆ, ಬೆವರಿಗೆ, ಬಸ್ಸಿನ ನೂಕುನುಗ್ಗಲಿಗೆ ಗಾಳಿಯಾಡುವ ಹತ್ತಿಯೇ ಬೇಕು.

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಸೀರೆಯನ್ನೇ ನೋಡಿ. ಹೊಲದ ಕೆಲಸಕ್ಕೂ ಮದುವೆ ಮನೆಗೂ ಉಟ್ಟು ಬಾಳಿದ ಸೀರೆ ಅದು. ಒಡಲಿನ ಎಳೆಗಳನ್ನು ಸೆರಗಿನ ಎಳೆಗಳಿಗೆ ಕೊಂಡಿ ಹಾಕಿ ಕೂಡಿಸುವುದು ಅದರ ವಿಶೇಷ. ಕೊಳ್ಳುವಾಗ ಸೆರಗು ಶುರುವಾಗುವ ಜಾಗವನ್ನು ಕಣ್ಣಿಟ್ಟು ನೋಡಿ, ಕೈಮಗ್ಗದ್ದೇ ಬೇಕೆಂದು ಬಾಯಿಬಿಟ್ಟು ಕೇಳಿ. ಅದೇ ಜಿಲ್ಲೆಯ ಗುಳೇದಗುಡ್ಡದ ಖಣ ಹಿಂದೆ ಕುಪ್ಪಸಕ್ಕಷ್ಟೇ ಇತ್ತು. ಈಗ ಒಂದು ಖಣ ತಂದರೆ ಸಾದಾ ಕುರ್ತಾದ ಕೊರಳಪಟ್ಟಿಗೆ, ತೋಳಿನ ಅಂಚಿಗೆ ಹಚ್ಚಿಸಬಹುದು. ಹಳೆಯ ಕುರ್ತಾ ಹೊಸದಾಗಲು ಅಷ್ಟು ಸಾಕು. ಮಲೆನಾಡಿನ ಸಾಗರ ತಾಲ್ಲೂಕಿನಲ್ಲಿ, ಹೆಗ್ಗೋಡಿನ ಪಕ್ಕದ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಮತ್ತು ಸುತ್ತಲ ಹಳ್ಳಿಯ ಹೆಣ್ಣುಮಕ್ಕಳು ಕಟ್ಟಿದ ‘ಚರಕ’ ಸಂಸ್ಥೆ ಅಡಿಕೆ ಚೊಗರಿನಂಥ ನಮ್ಮ ತೋಟದ ಬಣ್ಣವನ್ನೇ ಬಟ್ಟೆಗೆ ಏರಿಸಿ ತೋರಿಸಿತು. ಆ ಕೆಂಗಂದು ಬಣ್ಣದ ಕುರ್ತಾ ಆಫೀಸಿಗೂ ಸೈ, ಸಂತೆಗೂ ಸೈ.

ಅಸಲಿಯೋ ಎಂದು ನೋಡಲು 2006ರಲ್ಲಿ ಕೇಂದ್ರ ಸರ್ಕಾರ ತಂದ ಹ್ಯಾಂಡ್‌ಲೂಮ್ ಮಾರ್ಕ್ ಚೀಟಿ ಹುಡುಕಿ. ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ. ಅದರ ಆಸುಪಾಸಿನಲ್ಲಿ ಮೇಳ, ರಿಯಾಯಿತಿಗಳ ಮೇಲೆ ಕಣ್ಣಿಡಿ. ರಾಜ್ಯದ ಕೈಮಗ್ಗ ಅಭಿವೃದ್ಧಿ ನಿಗಮದ ‘ಪ್ರಿಯದರ್ಶಿನಿ’ ಮಳಿಗೆಗಳನ್ನೂ ಮರೆಯಬೇಡಿ.

6. ಗಂಜಿ: ಅರ್ಧ ಹೊಟ್ಟೆಗೆ, ಅರ್ಧ ಬಟ್ಟೆಗೆ

ವಾರದಲ್ಲಿ ಒಂದು ದಿನ ಕುಕ್ಕರ್ ಬಿಟ್ಟು ತಪ್ಪಲೆಯಲ್ಲಿ ಅನ್ನ ಮಾಡಿ, ಬಸಿಯಿರಿ. ಬಸಿದ ತಿಳಿಗೆ ಉಪ್ಪು, ಒಂದು ಚಮಚ ತುಪ್ಪ ಹಾಕಿ ಕುಡಿದರೆ ದಣಿವು ಇಳಿಯುತ್ತದೆ. ಉಳಿದದ್ದನ್ನು ಸೋಸಿ, ನೀರು ಬೆರೆಸಿ ತೆಳ್ಳಗೆ ಮಾಡಿ, ಒಗೆದ ಹತ್ತಿ ಸೀರೆಯನ್ನೋ ಕುರ್ತಾವನ್ನೋ ಅದ್ದಿ ಹಿಂಡಿ, ನೆರಳಲ್ಲಿ ಹರವಿ. ಇಸ್ತ್ರಿ ಮಾಡುವಾಗ ನೀರು ಚಿಮುಕಿಸಿದರೆ ಬಟ್ಟೆ ಅಂಗಡಿಯಿಂದ ಈಗ ತಂದ ಹಾಗೆ ನಿಲ್ಲುತ್ತದೆ. ಗಾಢ ಬಣ್ಣಕ್ಕೆ ಗಂಜಿ ಇನ್ನೂ ತೆಳುವಾಗಿರಲಿ, ಇಲ್ಲದಿದ್ದರೆ ಬಿಳಿ ಕಲೆ ಕೂರುತ್ತದೆ. ಮಳೆಗಾಲದಲ್ಲಿ ಗಂಜಿ ಹಾಕಿದ ಬಟ್ಟೆಯನ್ನು ಪೆಟ್ಟಿಗೆಯಲ್ಲಿ ಬಹಳ ದಿನ ಇಡಬೇಡಿ, ಬೂಷ್ಟು ಹಿಡಿಯುತ್ತದೆ, ಹುಳವೂ ಬರುತ್ತದೆ. ಕರಾವಳಿಯ ಕುಚ್ಚಲಕ್ಕಿ ಗಂಜಿಯನ್ನು ಮಾತ್ರ ಬಟ್ಟೆಗೆ ಕೊಡಬೇಡಿ. ಅದು ಉಪ್ಪಿನಕಾಯಿಯ ಜೊತೆ ಪೂರ್ತಿ ಹೊಟ್ಟೆಗೇ ಸೇರಬೇಕಾದದ್ದು.

7. ಸಾರಿನ ಪುಡಿ ಮನೆಯದಿರಲಿ

ಇಡೀ ಪಟ್ಟಿಯಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ. ಡಬ್ಬಿಯಲ್ಲಿ ಪುಡಿ ಇದ್ದರೆ, ಮನೆಗೆ ಬಂದು ಕೈಕಾಲು ತೊಳೆದ ಅರ್ಧ ಗಂಟೆಯಲ್ಲಿ ಬಿಸಿ ಅನ್ನ ಸಾರು ತಟ್ಟೆಯಲ್ಲಿರುತ್ತದೆ.

ಒಂದು ಲೋಟ ಧನಿಯಾ, 25–30 ಬ್ಯಾಡಗಿ ಮೆಣಸಿನಕಾಯಿ, ಎರಡು ದೊಡ್ಡ ಚಮಚ ಜೀರಿಗೆ, ಒಂದು ದೊಡ್ಡ ಚಮಚ ಕಾಳುಮೆಣಸು, ಸಣ್ಣ ಚಮಚದಲ್ಲಿ ಒಂದೊಂದು ಮೆಂತ್ಯ ಮತ್ತು ಸಾಸಿವೆ, ಒಂದು ಹಿಡಿ ಕರಿಬೇವು, ಚಿಟಿಕೆ ಇಂಗು. ಒಂದೊಂದನ್ನೂ ಬೇರೆ ಬೇರೆಯಾಗಿ, ಸಣ್ಣ ಉರಿಯಲ್ಲಿ ಹುರಿಯಿರಿ. ಮೆಂತ್ಯ ಕೆಂಪಗಾದೊಡನೆ ಇಳಿಸಿ, ಕಪ್ಪಾದರೆ ಪುಡಿಯೆಲ್ಲ ಕಹಿ. ಪೂರ್ತಿ ಆರಿದ ಮೇಲೆ ಪುಡಿ ಮಾಡಿ. ಹಾವೇರಿ ಜಿಲ್ಲೆಯ ಬ್ಯಾಡಗಿ ಹೆಸರಿನ ಈ ಮೆಣಸಿನಕಾಯಿಯಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ. ಸಾರು ಕೆಂಪಗಿದ್ದೂ ಬಾಯಿ ಸುಡದಿರುವುದು ಅದರಿಂದಲೇ. ಖಾರ ಬೇಕೆನ್ನುವವರು ನಾಲ್ಕು ಗುಂಟೂರು ಸೇರಿಸಿ.

ಇಬ್ಬರಿಗೆ ಅರ್ಧ ಲೋಟ ತೊಗರಿಬೇಳೆ ಬೇಯಿಸಿ. ನೆಲ್ಲಿಕಾಯಿ ಗಾತ್ರದ ಹುಣಸೆಯ ರಸಕ್ಕೆ ಒಂದೂವರೆ ಚಮಚ ಪುಡಿ, ಉಪ್ಪು, ಸಣ್ಣ ತುಂಡು ಬೆಲ್ಲ ಹಾಕಿ ಕುದಿಸಿ. ಹಸಿವಾಸನೆ ಹೋದಾಗ ಬೇಳೆಯ ಕಟ್ಟು ಸುರಿದು, ನೊರೆ ಎದ್ದು ಉಕ್ಕುವ ಹೊತ್ತಿಗೆ ಇಳಿಸಿ. ತುಪ್ಪದಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ. 2023ರ ಜುಲೈನಲ್ಲಿ ಟೊಮೇಟೊ ಕಿಲೋಗೆ 100 ರೂಪಾಯಿ ದಾಟಿದಾಗಲೂ ಈ ಸಾರಿಗೆ ಏನೂ ಆಗಲಿಲ್ಲ.

8. ಒಂದೇ ಪಾತ್ರೆಯಿಂದ ಎರಡು ಅಡುಗೆ

ಮಂಡ್ಯ, ಮೈಸೂರು, ಹಾಸನದ ಕಡೆಯ ಬಸ್ಸಾರಿಗಿಂತ ಜಾಣ ಅಡುಗೆಯನ್ನು ನಾನು ಕಂಡಿಲ್ಲ. ದಂಟಿನ ಸೊಪ್ಪು ಅಥವಾ ಸಬ್ಬಸಿಗೆಯನ್ನು ಬೇಳೆ ಇಲ್ಲವೇ ಕಾಳಿನ ಜೊತೆ ಬೇಯಿಸಿ ಬಸಿಯಿರಿ. ಬಸಿದ ನೀರಿಗೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಸಾರಿನ ಪುಡಿ, ಹುಣಸೆ ಮತ್ತು ಬೆಂದ ಕಾಳು ಒಂದು ಹಿಡಿ ಸೇರಿಸಿ ರುಬ್ಬಿ ಹಾಕಿದರೆ ಸಾರು. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಮುದ್ದೆ ತೊಳಸಲು ಬಂದರಂತೂ ಊಟ ಪೂರ್ತಿಯಾಯಿತು, ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮಾರನೆಯ ದಿನ ಬಸ್ಸಾರಿನ ರುಚಿ ಇನ್ನೂ ಏರುತ್ತದೆ.

9. ಒಲೆಯ ಮುಂದೆ ನಿಲ್ಲಲು ಮನಸ್ಸಿಲ್ಲದ ದಿನಕ್ಕೆ

ಕಿಟಕಿಯ ಕುಂಡದಲ್ಲಿ ಒಂದು ದೊಡ್ಡಪತ್ರೆ ಗಿಡ ಬೆಳೆಸಿ, ಕಡ್ಡಿ ಚುಚ್ಚಿದರೆ ಸಾಕು, ಬದುಕುತ್ತದೆ. ಹತ್ತು ಎಲೆ, ಜೀರಿಗೆ, ನಾಲ್ಕು ಕಾಳುಮೆಣಸನ್ನು ತುಪ್ಪದಲ್ಲಿ ಎರಡು ನಿಮಿಷ ಬಾಡಿಸಿ, ಕಾಯಿಯ ಜೊತೆ ರುಬ್ಬಿ, ಮಜ್ಜಿಗೆಗೆ ಬೆರೆಸಿದರೆ ಮಲೆನಾಡಿನ ತಂಬುಳಿ. ಅಷ್ಟೂ ಆಗದಿದ್ದರೆ ತೆಳು ಅವಲಕ್ಕಿಗೆ ಮೊಸರು, ಉಪ್ಪು, ಹಸಿಮೆಣಸು.

10. ಶೇಂಗಾ ಚಟ್ನಿಪುಡಿ, ಕಟಕ್ ರೊಟ್ಟಿ

ಉತ್ತರ ಕರ್ನಾಟಕದವರು ಇದನ್ನು ಯಾರಿಂದಲೂ ಕಲಿಯಬೇಕಿಲ್ಲ. ಉಳಿದವರಿಗೆ ಹೇಳುವುದಿಷ್ಟೆ: ಒಣ ಜೋಳದ ರೊಟ್ಟಿ ಫ್ರಿಜ್ ಇಲ್ಲದೆ ವಾರಗಟ್ಟಲೆ ಇರುತ್ತದೆ. ಚಟ್ನಿಪುಡಿ, ಗಟ್ಟಿ ಮೊಸರು, ಹಸಿ ಈರುಳ್ಳಿ ಜೊತೆಗಿದ್ದರೆ ಮಧ್ಯಾಹ್ನದ ಡಬ್ಬಿ ಐದು ನಿಮಿಷದ ಕೆಲಸ. ಪುಡಿ ಕುಟ್ಟುವಾಗ ಬೆಳ್ಳುಳ್ಳಿ ಹಾಕಲು ಹಿಂಜರಿಯಬೇಡಿ.

11. ಅರಿಶಿನದ ಕಲೆಗೆ ಹೆದರಬೇಡಿ

ಆಫೀಸಿನ ಬಟ್ಟೆಯಲ್ಲೇ ಒಗ್ಗರಣೆ ಹಾಕಬೇಡಿ, ಹಳೆಯ ಟವೆಲನ್ನಾದರೂ ಸುತ್ತಿಕೊಳ್ಳಿ. ಆದರೂ ಬಿಳಿ ಕುರ್ತಾದ ಮೇಲೆ ಸಾರು ಚೆಲ್ಲಿತೆನ್ನಿ. ತಣ್ಣೀರಿನಲ್ಲಿ ತೊಳೆದು ಸೋಪು ಹಚ್ಚಿದರೆ ಹಳದಿ ಕಲೆ ಕೆಂಪಾಗಿ ಕಾಣುತ್ತದೆ. ಸೋಪಿನ ಕ್ಷಾರಕ್ಕೆ ಅರಿಶಿನ ಬಣ್ಣ ಬದಲಿಸುವುದು ಸಹಜ, ಗಾಬರಿ ಬೇಡ. ಚೆನ್ನಾಗಿ ಜಾಲಿಸಿ, ಕಲೆಯ ಕಡೆ ಬಿಸಿಲಿಗೆ ತಿರುಗಿಸಿ ಹರವಿ. ಎರಡು ಮೂರು ಬಿಸಿಲಿಗೆ ಕಲೆ ಮಾಸುತ್ತಾ ಬರುತ್ತದೆ. ಬಣ್ಣದ ಕೈಮಗ್ಗದ ಬಟ್ಟೆಗೆ ಮಾತ್ರ ಈ ಬಿಸಿಲಿನ ಉಪಾಯ ಬೇಡ, ಕಲೆಯ ಜೊತೆ ಅದರ ಬಣ್ಣವೂ ಹೋದೀತು. ಅದನ್ನು ಒಳಮೈ ಹೊರಗೆ ಮಾಡಿ ನೆರಳಲ್ಲೇ ಒಣಗಿಸಿ.