ಮರೆಯುವ ತಂದೆತಾಯಿಗಳನ್ನು ಸನ್ಮಾನಿಸುವ ವಿಷಯ

ಓದತಕ್ಕ ಭಾಗಗಳು: ವಿಮೋಚನಕಾಂಡ 20:12, ಯೆಶಾಯ 46:3-4, ಯೋಹಾನ 19:25-27, 1 ತಿಮೊಥೆಯ 5:4-8.

ತಂದೆತಾಯಿಗಳನ್ನು ಸನ್ಮಾನಿಸಬೇಕೆಂಬ ಆಜ್ಞೆಯನ್ನು ನಾವೆಲ್ಲರೂ ಬಾಲ್ಯದಲ್ಲಿಯೇ ಬಾಯಿಪಾಠ ಮಾಡಿದ್ದೇವೆ. ತಂದೆಯು ಬುದ್ಧಿ ಹೇಳುತ್ತಾ ತಾಯಿಯು ಬಡಿಸುತ್ತಾ ಇರುವ ತನಕ ಈ ಆಜ್ಞೆಯು ಭಾರವಾಗಿ ತೋರುವದಿಲ್ಲ. ಆದರೆ ಹೆತ್ತ ತಾಯಿಯೇ ಮಗನ ಮುಖವನ್ನು ನೋಡಿ, ನೀನು ಯಾರ ಮನೆಯವನಪ್ಪಾ ಎಂದು ಕೇಳುವಾಗ, ಉಂಡು ಕೈತೊಳೆದ ತಂದೆಯು ಸೊಸೆ ಅನ್ನ ಹಾಕಲಿಲ್ಲವೆಂದು ನೆರೆಯವರ ಮುಂದೆ ದೂರುವಾಗ, ಆಜ್ಞೆಯು ಸಡಿಲವಾಗುವದೋ? ಎಂದಿಗೂ ಇಲ್ಲ. ಆ ಕಾಲಕ್ಕಾಗಿಯೇ ಅದು ಕೊಡಲ್ಪಟ್ಟಿತೆಂದು ತಿಳಿಯಬೇಕು.

1. ಈ ರೋಗವು ಎಂಥಾದ್ದು?

1901ನೇ ಇಸವಿಯಲ್ಲಿ ಜರ್ಮನಿಯ ಫ್ರಾಂಕ್‌ಫುರ್ಟ್ ಪಟ್ಟಣದ ಆಸ್ಪತ್ರೆಯೊಂದರಲ್ಲಿ ಆಲೋಯಿಸ್ ಅಲ್ಜೈಮರ್ ಎಂಬ ವೈದ್ಯರು ಜ್ಞಾಪಕವನ್ನು ಕಳಕೊಂಡಿದ್ದ 51 ವರುಷದ ಒಬ್ಬ ಸ್ತ್ರೀಯನ್ನು ಪರೀಕ್ಷಿಸಿದರು. 1906ರಲ್ಲಿ ಆಕೆ ತೀರಿಹೋದ ಬಳಿಕ ಆಕೆಯ ಮಿದುಳನ್ನು ಸೂಕ್ಷ್ಮದರ್ಶಕದಿಂದ ಶೋಧಿಸಿ, ಕಂಡದ್ದನ್ನು ಅದೇ ವರುಷದ ನವಂಬರದಲ್ಲಿ ಟ್ಯೂಬಿಂಗೆನ್ ಊರಿನಲ್ಲಿ ಕೂಡಿದ ವೈದ್ಯರಿಗೆ ತಿಳಿಸಿದರು. 1843ರಲ್ಲಿ ಮಂಗಳೂರ ಸಮಾಚಾರವನ್ನು ಹೊರಡಿಸಿದ ಮೋಗ್ಲಿಂಗ್ ಪಾದ್ರಿಯವರು ವೇದಶಾಸ್ತ್ರವನ್ನು ಕಲಿತ ಊರೂ ಅದೇ. 1910ರಿಂದ ಈ ರೋಗಕ್ಕೆ ಅಲ್ಜೈಮರ್ ರೋಗವೆಂದು ಹೆಸರಾಯಿತು.

ಮಿದುಳಿನ ನರಕಣಗಳ ಹೊರಗೆ ಒಂದು ವಿಧವಾದ ಪ್ರೋಟೀನು ಗಡ್ಡೆಗಟ್ಟುವದು. ಕಣಗಳ ಒಳಗೆ ಇನ್ನೊಂದು ವಿಧದ್ದು ನೂಲಿನಂತೆ ಸಿಕ್ಕುಬೀಳುವದು. ಹೀಗೆ ಕಣಗಳು ಮೆಲ್ಲಮೆಲ್ಲನೆ ಸಾಯುವವು. ಹೊಸ ಸಂಗತಿಗಳನ್ನು ಹಿಡಿದಿಡುವ ಭಾಗವು ಮೊದಲು ಕೆಡುವದರಿಂದ ಇಂದಿನದು ಮರೆತುಹೋಗಿ, ಐವತ್ತು ವರುಷದ ಹಿಂದಿನದು ಬಹುಕಾಲ ಉಳಿಯುವದು. ಭಾರತದಲ್ಲಿ 60 ವರುಷ ಮೀರಿದವರೊಳಗೆ ಸುಮಾರು 88 ಲಕ್ಷ ಜನರಿಗೆ ಮರೆವಿನ ರೋಗಗಳಿವೆಯೆಂದು 2023ರಲ್ಲಿ ಪ್ರಕಟವಾದ ಅಂದಾಜು ತಿಳಿಸುತ್ತದೆ. ಇಂಥಾ ರೋಗಗಳಲ್ಲಿ ಹೆಚ್ಚಿನದು ಅಲ್ಜೈಮರ್ ರೋಗವೇ. ಅದನ್ನು ಪೂರ್ಣವಾಗಿ ಗುಣಪಡಿಸುವ ಔಷಧವು ಇಲ್ಲ. ಕೆಲವರಿಗೆ ಸ್ವಲ್ಪ ಕಾಲ ನೆರವಾಗುವ ಔಷಧಗಳುಂಟು.

ಆದರೂ ಎಲ್ಲಾ ಮರೆವು ಈ ರೋಗವಲ್ಲ. ಥೈರಾಯಿಡ್ ಕೊರತೆ, ಬಿ12 ಜೀವಸತ್ವದ ಕೊರತೆ, ಮನೋವ್ಯಥೆ, ಕೆಲವು ಔಷಧಗಳು, ಬಿದ್ದು ತಲೆಗೆ ಪೆಟ್ಟಾದದ್ದು ಇವುಗಳಿಂದಲೂ ಮರೆವುಂಟಾಗುವದು, ಇವುಗಳಿಗೆ ಚಿಕಿತ್ಸೆಯಿದೆ. ಆದಕಾರಣ ಮುಪ್ಪಿನ ಅರಳುಮರುಳೆಂದು ಸುಮ್ಮನಿರದೆ, ಹಿರಿಯರನ್ನು ಜಿಲ್ಲಾ ಆಸ್ಪತ್ರೆಗೆ ಕರಕೊಂಡು ಹೋಗಿ ಪರೀಕ್ಷೆ ಮಾಡಿಸತಕ್ಕದ್ದು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿಯೂ ಈ ರೋಗದ ಚಿಕಿತ್ಸೆ ನಡೆಯುತ್ತದೆ.

2. ಇದು ಶಿಕ್ಷೆಯೋ?

ಕುಲದೇವರನ್ನು ಬಿಟ್ಟದ್ದರಿಂದ ಹೀಗಾಯಿತೆಂದು ನೆಂಟರು ಹೇಳುವದುಂಟು. ನಮ್ಮವರಲ್ಲಿಯೂ ಕೆಲವರು, ಗುಪ್ತ ಪಾಪವಿರಬೇಕು, ದೆವ್ವ ಹಿಡಿದಿರಬೇಕು ಎಂದು ಪಿಸುಗುಟ್ಟುತ್ತಾರೆ. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಇಂಥಾದ್ದನ್ನೇ ಕೇಳಿದಾಗ ಕರ್ತನು ಆ ಎಣಿಕೆಯನ್ನು ತಳ್ಳಿಬಿಟ್ಟನು (ಯೋಹಾನ 9:1-3). ಈ ರೋಗವು ಎಲ್ಲಾ ಮತದವರಿಗೂ, ಪಂಡಿತರಿಗೂ ಪಾಮರರಿಗೂ ಬರುತ್ತದೆ. ಕಾಲು ಮುರಿದವನನ್ನು ಪಾಪಿಯೆಂದು ಕರೆಯದ ನಾವು ಮಿದುಳು ಸವೆದವಳನ್ನು ಹಾಗೆ ಕರೆಯಬಹುದೋ?

3. ವಿಶ್ವಾಸವನ್ನೂ ಮರೆತರೆ?

ಇದು ಅನೇಕ ಮಕ್ಕಳ ಹೃದಯವನ್ನು ಇರಿಯುವ ಪ್ರಶ್ನೆ. ಯೌವನದಲ್ಲಿ ದೀಕ್ಷಾಸ್ನಾನ ಹೊಂದಿದ ಮುದುಕಿಯು ಈ ರೋಗದಿಂದ ಬಾಲ್ಯದ ದಿನಗಳಿಗೆ ತಿರುಗಿ, ಹಳೇ ದೈವಗಳ ಹೆಸರನ್ನು ಕರೆಯಬಹುದು, ಜಾತ್ರೆಯ ಹಾಡನ್ನು ಹಾಡಬಹುದು, ಕರ್ತನ ಪ್ರಾರ್ಥನೆಯನ್ನು ನಡುವೆಯೇ ಬಿಟ್ಟುಬಿಡಬಹುದು. ಆಗ ಆಕೆ ಬಿದ್ದುಹೋದಳೆಂದು ಸಭೆಯಲ್ಲಿ ಮಾತು ಹುಟ್ಟುವದು. ಸಹೋದರರೇ, ತಿಳಿದು ಬೇಕೆಂದು ಬಿಡುವದು ಬೇರೆ, ರೋಗದಿಂದ ಕಳಕೊಳ್ಳುವದು ಬೇರೆ. ಮೊದಲು ಕಟ್ಟಿದ ಗೋಡೆಯು ಕೊನೆಯ ತನಕ ನಿಂತಿರುವಂತೆ ಬಾಲ್ಯದ ಮಾತುಗಳು ಆಕೆಯಲ್ಲಿ ನಿಂತಿವೆ, ಅಷ್ಟೇ.

ನಮ್ಮ ರಕ್ಷಣೆಯು ನಮ್ಮ ಜ್ಞಾಪಕಶಕ್ತಿಯ ಮೇಲೆ ಕಟ್ಟಲ್ಪಟ್ಟಿದ್ದರೆ ನಿದ್ರಿಸುವವನಿಗೂ ಜ್ವರದಲ್ಲಿ ಬಡಬಡಿಸುವವನಿಗೂ ನಿರೀಕ್ಷೆಯಿಲ್ಲ. ಅಪೊಸ್ತಲ ಪೌಲನು ಗಲಾತ್ಯದವರಿಗೆ ಬರೆಯುವಾಗ, ಅವರು ದೇವರನ್ನು ಅರಿತರೆಂದು ಹೇಳಿ, ಕೂಡಲೇ ಅದನ್ನು ತಿದ್ದಿ, ದೇವರೇ ಅವರನ್ನು ಅರಿತನೆಂದು ಹೇಳುತ್ತಾನೆ (4:9). ಹೆತ್ತವಳು ಕೂಸನ್ನು ಮರೆತರೂ ತಾನು ಮರೆಯೆನೆಂದು ದೇವರು ಪ್ರವಾದಿಯ ಮೂಲಕ ಮಾತುಕೊಟ್ಟಿದ್ದಾನೆ (ಯೆಶಾಯ 49:15). ತಾಯಿ ಮರೆಯುವದನ್ನು ಕಣ್ಣಾರೆ ಕಂಡ ಮಕ್ಕಳಿಗೆ ಈ ವಾಕ್ಯದ ಬೆಲೆ ಎಷ್ಟೆಂಬದು ಗೊತ್ತಾಗುವದು. ಆದದರಿಂದ ಅಂಥವರ ಬಳಿಯಲ್ಲಿ ಹಳೇ ಕೀರ್ತನೆಗಳನ್ನು ಹಾಡಿರಿ. ಮಾತು ನಿಂತವರ ಬಾಯಲ್ಲಿಯೂ ರಾಗವು ಎದ್ದು ಬರುವದುಂಟು. ಮನೆಮಾತು ತುಳುವಾಗಿದ್ದರೆ ತುಳುವಿನಲ್ಲಿಯೇ ಪ್ರಾರ್ಥಿಸಿರಿ; ಆಮೇಲೆ ಕಲಿತ ಭಾಷೆಯು ಮೊದಲು ಮಾಸಿಹೋಗಬಹುದು.

4. ದಿನದಿನದ ಪರಾಮರಿಕೆ

ನಾನು ಯಾರು ಹೇಳು ಎಂದು ಪರೀಕ್ಷಿಸಬೇಡಿರಿ. ನಾನು ನಿಮ್ಮ ಮಗಳು ಎಂದು ನೀವೇ ಹೇಳಿರಿ. ಸತ್ತುಹೋದ ತಮ್ಮನನ್ನು ಕೇಳಿದರೆ ಪ್ರತಿಸಾರಿ ಅವನ ಮರಣವನ್ನು ಸಾರುವ ಬದಲು ಅವನ ವಿಷಯವಾಗಿ ಮಾತಾಡಿಸಿರಿ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿರಿ. ಊಟ, ಸ್ನಾನ, ನಿದ್ರೆಗಳಿಗೆ ಒಂದೇ ಹೊತ್ತು ಇರಲಿ. ಸಂಜೆ ಕಳವಳ ಹೆಚ್ಚಾಗುವದುಂಟು, ಬೆಳಕು ಇಡಿರಿ. ಬಾವಿಗೆ ಮುಚ್ಚಳ ಹಾಕಿರಿ. ಬೆಂಕಿ, ಕತ್ತಿ, ಹೊಲದ ವಿಷದೌಷಧಗಳನ್ನು ದೂರವಿಡಿರಿ. ದಾರಿತಪ್ಪಿ ಹೋಗುವವರ ಜೇಬಿನಲ್ಲಿ ಹೆಸರು, ಊರು, ಫೋನ್ ನಂಬರು ಬರೆದ ಚೀಟಿ ಇರಲಿ. ಒಂದೆರಡು ದಿನದೊಳಗೆ ಸ್ಥಿತಿಯು ಒಮ್ಮೆಗೇ ಕೆಟ್ಟರೆ ಮೂತ್ರದ ಸೋಂಕು ಮೊದಲಾದವು ಇರಬಹುದು. ತಡಮಾಡದೆ ವೈದ್ಯರಿಗೆ ತೋರಿಸಿರಿ. ಕಟ್ಟಿಹಾಕುವದೂ ಹೊಡೆಯುವದೂ ನಮಗೆ ಎಷ್ಟು ಮಾತ್ರವೂ ತಕ್ಕದ್ದಲ್ಲ.

5. ಕುರುಡ ಇಸಾಕನ ಮನೆ

ಮುಪ್ಪಿನಿಂದ ಕಣ್ಣು ಕಾಣದ ಇಸಾಕನನ್ನು ಸ್ವಂತ ಮಗನೇ ವಂಚಿಸಿ ಆಶೀರ್ವಾದವನ್ನು ಪಡಕೊಂಡನು (ಆದಿಕಾಂಡ 27). ಆ ಮನೆಯು ಆ ದಿನವೇ ಒಡೆಯಿತು. ಬುದ್ಧಿ ಮಂದವಾದ ತಂದೆಯ ಹೆಬ್ಬೆಟ್ಟನ್ನು ಜಮೀನಿನ ಪತ್ರಕ್ಕೆ ಒತ್ತಿಸಿಕೊಳ್ಳುವ ಮಗನು ಅದನ್ನೇ ಮಾಡುತ್ತಾನೆ. ಕಾಣಿಕೆಯ ನೆವದಿಂದ ಹೆತ್ತವರ ಪೋಷಣೆಯನ್ನು ತಪ್ಪಿಸಿದವರನ್ನು ಕರ್ತನು ಗದರಿಸಿದನು (ಮಾರ್ಕ 7:9-13). ಹಾಗಾದರೆ ಅವರದನ್ನೇ ದೋಚುವವರಿಗೆ ಏನು ಹೇಳುವನು? ಸರಕಾರದ 2007ರ ಕಾಯಿದೆಯೂ ಮಕ್ಕಳು ಹೆತ್ತವರನ್ನು ಪೋಷಿಸಬೇಕೆಂದು ವಿಧಿಸಿದೆ. ವಿಶ್ವಾಸಿಯು ಕಾಯಿದೆಯ ಹೆದರಿಕೆಗೋಸ್ಕರ ಕಾಯಬಾರದು.

6. ಸೊಸೆಯ ಹೊರೆಯೂ ಸಭೆಯ ಕರ್ತವ್ಯವೂ

ತಂದೆತಾಯಿಗಳನ್ನು ಸನ್ಮಾನಿಸೆಂಬ ಆಜ್ಞೆಯು ಮಗನಿಗೆ ಕೊಡಲ್ಪಟ್ಟಿದೆ. ಆದರೆ ಮಲಮೂತ್ರವನ್ನು ತೊಳೆಯುವವಳು ಬಹಳ ಮನೆಗಳಲ್ಲಿ ಸೊಸೆಯೇ. ರಾತ್ರಿಯ ನಿದ್ರೆಯಿಲ್ಲದೆ, ಮೇಲಾಗಿ ಕಳ್ಳಿಯೆಂಬ ಮಾತನ್ನೂ ಕೇಳಿ ಅವಳು ಸೋತುಹೋಗುತ್ತಾಳೆ. ಅವಳಿಗೆ ಕೋಪ ಬಂದರೆ ವಿಶ್ವಾಸವಿಲ್ಲದವಳೆಂದು ತೀರ್ಪುಮಾಡಬೇಡಿರಿ. ಮೋಶೆಯ ಕೈಗಳು ಸಹ ಸೋತವು. ಆರೋನನೂ ಹೂರನೂ ಎರಡು ಕಡೆಗಳಲ್ಲಿ ನಿಂತು ಎತ್ತಿಹಿಡಿದರು (ವಿಮೋಚನಕಾಂಡ 17:12). ಗಂಡಸರು ರಾತ್ರಿಯ ಕಾವಲಲ್ಲಿ ಪಾಲುಗೊಳ್ಳಲಿ. ಸ್ತ್ರೀಸಂಘದವರು ಸರದಿಯಂತೆ ವಾರಕ್ಕೊಂದು ಹಗಲು ಕೂತು, ಅವಳನ್ನು ಆರಾಧನೆಗೂ ತವರಿಗೂ ಕಳುಹಿಸಲಿ. ಪಾಲಕರು ಮನೆಗೆ ಹೋಗಿ ರೋಗಿಯನ್ನು ಹೆಸರಿಡಿದು ಮಾತಾಡಿಸಲಿ. ಸಭೆಯಲ್ಲಿ ಆಕೆ ಗದ್ದಲ ಮಾಡಿದರೆ ತಿರುಗಿ ದಿಟ್ಟಿಸದೆ ಪಕ್ಕದಲ್ಲಿ ಸ್ಥಳಕೊಡಿರಿ. ಹಿರಿಯರ ಸಹಾಯಕ್ಕಾಗಿ ಸರಕಾರದವರು ಇಟ್ಟಿರುವ 14567 ಎಂಬ ಫೋನ್ ನಂಬರನ್ನೂ ಮನೆಯವರಿಗೆ ತಿಳಿಸಿರಿ.

ಕ್ರೂಜೆಯ ಮೇಲೆ ಪ್ರಾಣಸಂಕಟದಲ್ಲಿದ್ದ ಕರ್ತನು ತನ್ನ ತಾಯಿಯ ಮನೆವಾರ್ತೆಯನ್ನು ಮರೆಯಲಿಲ್ಲ. ಆಕೆಯನ್ನು ಶಿಷ್ಯನ ಕೈಗೆ ಒಪ್ಪಿಸಿದನು, ಶಿಷ್ಯನು ಆಕೆಯನ್ನು ತನ್ನ ಮನೆಗೆ ಸೇರಿಸಿಕೊಂಡನು. ಹುಟ್ಟಿದಂದಿನಿಂದ ಹೊತ್ತವನು ತಲೆ ನರೆತ ಮೇಲೆಯೂ ಹೊರುವನೆಂದು ಯೆಶಾಯನು ಸಾರುತ್ತಾನೆ. ಹೊರುವಾತನು ಆತನೇ, ಆದರೆ ಆತನು ನಮ್ಮ ಕೈಗಳಿಂದಲೇ ಅವರನ್ನು ಎತ್ತುತ್ತಾನೆ.

ಕೂಡಿ ಆಲೋಚಿಸತಕ್ಕ ಪ್ರಶ್ನೆಗಳು

1. ನಮ್ಮ ಊರಿನಲ್ಲಿ ಇಂಥಾ ರೋಗಿಗಳಿರುವ ಮನೆಗಳು ಯಾವವು? ಅಲ್ಲಿ ರಾತ್ರಿ ಎಚ್ಚರವಾಗಿರುವವರು ಯಾರು?
2. ಮರೆವಿನಿಂದ ಹಳೇ ದೈವದ ಹೆಸರೆತ್ತಿದ ಸಹೋದರಿಗೂ ಬೇಕೆಂದು ಹಿಂದಿರುಗಿದವನಿಗೂ ಇರುವ ಭೇದವೇನು?
3. ಈ ವಾರದಲ್ಲಿ ನಮ್ಮ ಸಭೆಯು ಯಾರ ಕೈಗಳನ್ನು ಎತ್ತಿಹಿಡಿಯಬೇಕು?